ಸಂಜೆಯ ಮಾರವಾ, ರಾತ್ರಿ ಒಂಬತ್ತೂಕಾಲಿಗೆ

ಹುಬ್ಬಳ್ಳಿಯ ಉಣಕಲ್ ಕೆರೆ, ಧಾರವಾಡದ ಕೆಲಗೇರಿ, ಗದಗಿನ ಭೀಷ್ಮ ಕೆರೆ. ದಂಡೆ ಯಾವುದಾದರೂ ಆಗಲಿ, ಅಲ್ಲಿ ಬಯಲು ವೇದಿಕೆ ಹಾಕಿ ಸಂಗೀತ ಸಂಜೆ ಇಟ್ಟರೆ ಅದರ ವಿಧಿವಿಧಾನ ಒಂದೇ. ಹೊಸದಾಗಿ ಹೋಗುವವರು ಒಂದಿಷ್ಟು ತಯಾರಿ ಮಾಡಿಕೊಂಡು ಹೋಗಬೇಕು.

ಉಣಕಲ್ಲಿಗಾದರೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸೇ ಬೇಷು. ರಸ್ತೆ ನಡುವಿನ ನಿಲ್ದಾಣದಲ್ಲಿಳಿದು ಅರ್ಧ ರಸ್ತೆ ದಾಟಿದರೆ ಆಯಿತು. ಎಕ್ಸ್‌ಪ್ರೆಸ್ ಹತ್ತುವ ಮುಂಚೆ ಅದು ಅಲ್ಲಿ ನಿಲ್ಲುತ್ತದೋ ಇಲ್ಲವೋ ಕೇಳಿಕೊಳ್ಳಿ. ಕಲ್ಲಿನ ಮೆಟ್ಟಿಲು ದಿನವಿಡೀ ಬಿಸಿಲು ಕುಡಿದಿರುತ್ತದೆ, ಸಂಜೆ ಐದೂವರೆಗೂ ಕೂರಗೊಡುವುದಿಲ್ಲ. ದಪ್ಪನೆಯ ಜಮಖಾನ ಒಯ್ಯಿರಿ. ಏಳರ ಮೇಲೆ ಸೊಳ್ಳೆ ಏಳುತ್ತವೆ, ಅದಕ್ಕೆ ತುಂಬುತೋಳಿನ ಅಂಗಿ. ನೀರು ನೋಡುವ ಆಸೆ ಇದ್ದವರು ಅಂತರಗಂಗೆ ಕಳೆ ತೆಗೆದ ವಾರವೇ ಹೋಗಬೇಕು. ಬಿಟ್ಟರೆ ಕೆರೆಯೂ ಹಸಿರು ಹಾಸಿದ ಮೈದಾನವೇ.

ಆಹ್ವಾನ ಪತ್ರಿಕೆಯಲ್ಲಿ ಗಾಯನ 'ಸಂಜೆ 5.30ಕ್ಕೆ ಸರಿಯಾಗಿ' ಇರುತ್ತದೆ. ರಾಗ ಮಾರವಾ. ಸೂರ್ಯ ಮುಳುಗುವ ಹೊತ್ತಿನ ಸಂಧಿಪ್ರಕಾಶ ರಾಗ, ಕೆರೆಯಂಚಿಗೆ ಇದಕ್ಕಿಂತ ಒಪ್ಪುವುದು ಮತ್ತೊಂದಿಲ್ಲ. ಆದರೆ ಸೂರ್ಯ ಉದ್ಘಾಟಕರ ದಾರಿ ಕಾಯುವವನಲ್ಲ.

ವೇದಿಕೆಯ ಮೇಲೆ ಹದಿನಾಲ್ಕು ಗಣ್ಯರು ಅಂದುಕೊಳ್ಳಿ. ಒಬ್ಬರ ಬಿರುದು ಓದಲು ಒಂದು ನಿಮಿಷ, ಶಾಲು ಬಿಚ್ಚಿ ಹೊದಿಸಲು ಅರ್ಧ, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆಗೆ ಮತ್ತೊಂದು. "ಸರ್, ಸ್ವಲ್ಪ ಈ ಕಡೆ ನೋಡ್ರಿ" ಎನ್ನುವ ಫೋಟೋದವನಿಗೆ ಅರ್ಧ. ತಲೆಗೆ ಮೂರು ನಿಮಿಷದಂತೆ ಬರೀ ಸನ್ಮಾನಕ್ಕೇ 42 ನಿಮಿಷ ಹೋಯಿತು. ಆಮೇಲೆ ಭಾಷಣ. ಪ್ರತಿಯೊಬ್ಬರೂ ಕುಂದಗೋಳದ ಸವಾಯಿ ಗಂಧರ್ವರಿಂದ ಹೊರಟು, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಭೀಮಸೇನ ಜೋಶಿಯವರನ್ನು ಮುಟ್ಟಿ, "ಇದು ಸಂಗೀತದ ನೆಲ" ಎಂದು ಕೂರುತ್ತಾರೆ. ಮುಂದಿನವರು ಭೀಮಸೇನರಿಂದ ಹೊರಟು ಹಿಂದಕ್ಕೆ ಬರುತ್ತಾರೆ. ಈ ನೆಲದಲ್ಲಿ ಸದ್ಯ ಬದುಕಿ ಹಾಡುತ್ತಿರುವ ಕಲಾವಿದೆ ಮಾತ್ರ ಪೆಂಡಾಲಿನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಣ್ಣಗಾದ ಚಹಾ ಹಿಡಿದು ಕೂತಿರುತ್ತಾರೆ.

ಅವರ ಪಕ್ಕದಲ್ಲಿ ವಾದ್ಯಗಳ ಪಾಡೇ ಬೇರೆ. ಐದಕ್ಕೆ ಶ್ರುತಿ ಮಾಡಿಟ್ಟ ತಂಬೂರಿಯ ತಂತಿ, ಕತ್ತಲಾದಂತೆ ತಣ್ಣಗಾಗಿ ಕುಗ್ಗಿ ಬಿಗಿಯುತ್ತದೆ, ಶ್ರುತಿ ಮೇಲೇರುತ್ತದೆ. ತಬಲಾ, ಡಗ್ಗಾದ ಚರ್ಮ ಕೆರೆಯ ತೇವ ಹೀರಿ ಸಡಿಲಾಗಿ ಕೆಳಗಿಳಿಯುತ್ತದೆ. ಪೇಟಿ, ಅಂದರೆ ಹಾರ್ಮೋನಿಯಂ, ಮಾತ್ರ ಎಲ್ಲಿತ್ತೋ ಅಲ್ಲೇ. ಮೂರನ್ನೂ ಒಂದು ಷಡ್ಜಕ್ಕೆ ತರಲು ತಬಲಾದವರು ಸುತ್ತಿಗೆಯಿಂದ ಗಟ್ಟಾ (ಪಟ್ಟಿ ಬಿಗಿಯುವ ಮರದ ತುಂಡು) ಬಡಿದು ಕಿವಿಗೊಡುತ್ತಾರೆ. ಅದೇ ಹೊತ್ತಿಗೆ ನಿರೂಪಕರು ಮೈಕ್ ಹಿಡಿದು, "ಕಲಾವಿದರು ಸಜ್ಜಾಗೋತನಕ ಒಂದು ಚುಟುಕು ಕೇಳೋಣ್ರಿ" ಅನ್ನುತ್ತಾರೆ. ಇನ್ನು ಹಲೋಜನ್ ದೀಪ. ಹಚ್ಚಿದ ಕೂಡಲೇ ಕೆರೆಯ ಹುಳವೆಲ್ಲ ವೇದಿಕೆಗೆ. ಆಲಾಪಕ್ಕೆ ಬಾಯಿ ತೆರೆಯುವುದು ಸಾಹಸದ ಕೆಲಸ. ದೀಪವನ್ನು ಎಂಟು-ಹತ್ತು ಮಾರು ದೂರ ಪಕ್ಕಕ್ಕೆ ನಿಲ್ಲಿಸಿ ಹಳದಿ ಬಲ್ಬು ಹಾಕಿದರೆ ಹುಳ ಕಡಿಮೆ. ಆದರೆ ಗಣ್ಯರ ಫೋಟೋ ಮಬ್ಬಾದೀತೆಂದು ಯಾರೂ ಹಾಕುವುದಿಲ್ಲ.

ಗಾಯನ ಶುರುವಾಗುವುದು 9.15ಕ್ಕೆ. ಆ ಹೊತ್ತಿಗೆ ಮಾರವಾ ಹಾಡುವಂತಿಲ್ಲ, ರಾತ್ರಿಯ ರಾಗ ಬಿಹಾಗ್ ಹಾಡುತ್ತಾರೆ. ನಿರೂಪಕರು ಮಾತ್ರ ಕೈಯಲ್ಲಿದ್ದ ಚೀಟಿಯಂತೆ ಮಾರವಾ ಎಂದೇ ಘೋಷಿಸುತ್ತಾರೆ. ಬಿಳಿ ಬಟ್ಟೆ ಹೊದಿಸಿದ ಮುಂದಿನ ಸೋಫಾಗಳು ಅಷ್ಟರಲ್ಲಿ ಖಾಲಿ, ಮಾನ್ಯರಿಗೆ ಮತ್ತೊಂದು ಕಾರ್ಯಕ್ರಮವಿದೆ. ಹಿಂದಿನವರು ಮುಂದೆ ಬಂದು ಕೂರೋಣವೆಂದರೆ ಹಗ್ಗ ಹಿಡಿದ ಸ್ವಯಂಸೇವಕ ಬಿಡುವುದಿಲ್ಲ.

ಸಮಯದ ಲೆಕ್ಕ ಹೀಗಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ಬಯಲಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಬಂದ್. 12ರವರೆಗಿನ ವಿನಾಯಿತಿ ವರ್ಷಕ್ಕೆ 15 ದಿನ ಮೀರುವಂತಿಲ್ಲ, ಅದನ್ನೂ ಸರ್ಕಾರ ಕೊಡಬೇಕು. ವಂದನಾರ್ಪಣೆಗೆ ಹತ್ತು ನಿಮಿಷ ಬಿಟ್ಟರೆ ಉಳಿದದ್ದು 35, ಶ್ರುತಿಗೆ ಹತ್ತು ಹೋದರೆ 25. ವಿಲಂಬಿತ (ನಿಧಾನಗತಿಯ) ಏಕತಾಲದ ಒಂದು ಆವರ್ತನಕ್ಕೇ, ಅಂದರೆ ತಾಳದ ಒಂದು ಸುತ್ತಿಗೇ, ಹತ್ತಿರ ಹತ್ತಿರ ಒಂದು ನಿಮಿಷ ಬೇಕು. ಕಿರಾಣಾ ಘರಾಣೆಯ ರೀತಿಯಲ್ಲಿ ಒಂದೊಂದೇ ಸ್ವರ ಬಿಡಿಸುತ್ತ ಪಂಚಮಕ್ಕೆ ಬಂದು ನಿಲ್ಲುವುದರೊಳಗೆ ಪೇಟಿಯ ಮೇಲೊಂದು ಚೀಟಿ ಬರುತ್ತದೆ: "ಒಂದು ವಚನ ಹಾಡಿ ಮುಗಿಸಿರಿ."

ಕೇಳಲೇಬೇಕೆಂಬ ಹಟ ಇದ್ದವರು ಆಚೆ ದಂಡೆಗೆ ಹೋಗಿ. ನೀರಿನ ಮೇಲೆ ದನಿ ಸಲೀಸಾಗಿ ಸಾಗುತ್ತದೆ, ನಡುವೆ ತಡೆಯೂ ಇಲ್ಲ. ಗಾಳಿ ವೇದಿಕೆ ಕಡೆಯಿಂದ ಬೀಸುತ್ತಿದ್ದರೆ ಇನ್ನೂ ಚೆನ್ನ. ಮುಂದಿನ ಸಾಲಿನಲ್ಲಿ ಸ್ಪೀಕರಿನ ಎಕೋ ಮತ್ತು ತಂಬೂರಿ ಮೈಕಿನ 'ಕುಂಯ್' ಬಿಟ್ಟು ಬೇರೇನೂ ಕೇಳದು. ಆಚೆ ಹಗ್ಗವಿಲ್ಲ, ಪಾಸೂ ಬೇಡ, ಮಿರ್ಚಿ-ಗಿರಮಿಟ್ಟಿನ ಗಾಡಿ ಇದ್ದರೆ ಮತ್ತೂ ಚಲೋ.

ಹತ್ತಕ್ಕೆ ಮೈಕ್ ನಿಲ್ಲುತ್ತದೆ. ಫೋಟೋಗೆ ಮೈಕ್ ಬೇಡವಲ್ಲ, ಉಳಿದ ಪದಾಧಿಕಾರಿಗಳೆಲ್ಲ ವೇದಿಕೆಯೇರಿ ಹತ್ತೂವರೆತನಕ ನಿಲ್ಲುತ್ತಾರೆ. "ಅಕ್ಕಾರ, ನೀವು ಒಂದೀಟ ಆ ಕಡೆ ಸರೀರಿ, ಬ್ಯಾನರ್ ಕಾಣವಲ್ದು" ಎಂದು ಗಾಯಕಿಗೆ ಹೇಳಲು ಆಗ ಒಬ್ಬರು ಇದ್ದೇ ಇರುತ್ತಾರೆ.