ಗೂಗಲ್‌ಗೆ ಗೊತ್ತಾಗದ ಮಿರ್ಚಿ

ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಾನೆ ಎಂಬ ಒಂದೇ ಧೈರ್ಯದ ಮೇಲೆ ನನ್ನ ಹಳೇ ಫೋನನ್ನು ಅವನ ಕೈಗೆ ಕೊಟ್ಟೆ. "ಮಾಮಾ, ಇದಕ್ಕ ಲಿನೇಜ್‌ಓಎಸ್ ಹಾಕ್ತೀನ್ರಿ, ಆಂಡ್ರಾಯ್ಡಿನದೇ ಇನ್ನೊಂದು ರೂಪ. 2016ರಾಗ ಸಯನೋಜೆನ್‌ಮಾಡ್ ಅಂತ ಇಂಥದೇ ಒಂದು ಮುಚ್ಚಿತಲ್ಲ, ಅದರದೇ ಮುಂದಿನ ಕುಡಿ. ಕೋಡು ಯಾರ್ ಬೇಕಾದ್ರೂ ಓದಬಹುದು. ಗೂಗಲ್ ಕಾಟಾನೇ ಇಲ್ಲ" ಎಂದ. ನಾನು ಕರೆಂಟ್ ಬಿಲ್ಲನ್ನೇ ಪೂರ್ತಿ ಓದುವವನಲ್ಲ. ಆದರೂ ಓದಬಹುದು ಅಂದರೆ ಅದರ ಗತ್ತೇ ಬೇರೆ.

ಹೊಸದನ್ನು ಹಾಕಲು, ಫೋನು ಶುರು ಮಾಡುವ ಬೂಟ್‌ಲೋಡರಿನ ಬೀಗ ತೆಗೆದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಹೋಯಿತು. ಬಳಗದವರು ಕಳಿಸಿದ ಗುಡ್ ಮಾರ್ನಿಂಗ್ ಗುಲಾಬಿಗಳೂ ಹೋದವು, ಪುಣ್ಯ. ಪ್ಲೇ ಸ್ಟೋರ್ ಜಾಗಕ್ಕೆ ಕೋಡು ತೆರೆದಿಟ್ಟ ಆ್ಯಪುಗಳ ಅಂಗಡಿ ಎಫ್-ಡ್ರಾಯ್ಡ್ ಬಂತು. ಹಿಂದೆ ಓಡಾಡುತ್ತಿದ್ದ ಆ್ಯಪುಗಳೆಲ್ಲ ತೊಲಗಿ, ಮೇ ತಿಂಗಳ ಕಲಬುರಗಿಯಲ್ಲಿ ತಣ್ಣಗಿರುವ ಏಕೈಕ ವಸ್ತು ನನ್ನ ಫೋನೇ ಆಯಿತು.

ಮರುದಿನ ಸೂಪರ್ ಮಾರ್ಕೆಟ್ ಕಡೆ ಸುಸಲಾ, ಮಿರ್ಚಿ ತಿಂದು ಫೋನು ತೆಗೆದೆ. ಬ್ಯಾಂಕಿನ ಆ್ಯಪು "ಈ ಸಾಧನ ಸುರಕ್ಷಿತವಲ್ಲ" ಎಂದು ಮುಖ ಮುಚ್ಚಿಕೊಂಡಿತು. ಈ ಆ್ಯಪುಗಳು ಫೋನು ಅಸಲಿಯೋ ಅಲ್ಲವೋ ಎಂದು ಗೂಗಲ್ಲನ್ನೇ ಕೇಳುತ್ತವಂತೆ. ಗೂಗಲ್ಲನ್ನು ಮನೆಯಿಂದ ಹೊರಗೆ ಹಾಕಿದವನಿಗೆ ಜಾಮೀನು ನಿಲ್ಲುವವರು ಯಾರು?

"ಕಾಕಾ, ನನ್ನ ಫೋನು ಸ್ವತಂತ್ರ ಅದರಿ" ಎಂದೆ.

"ಇರ್ಲಿ ಬಿಡ್ರಿ ಸರ. ರೊಕ್ಕ?"

ಕಿಸೆಯಲ್ಲಿ ಬಿಡಿಗಾಸಿಲ್ಲ. ಕೊನೆಗೆ ಹೆಂಡತಿಗೆ ಫೋನು ಹಚ್ಚಿ, ಅಂಗಡಿಯ ನಂಬರು ಹೇಳಿದೆ. ಡಬ್ಬಿ "ಅರವತ್ತು ರೂಪಾಯಿ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿತು. ಬೆನ್ನಿಗೇ ಆಕೆಯ ಮೆಸೇಜು: "ಎರಡೇ ಮಿರ್ಚಿ ಅಂದಿದ್ರಿ?" ನಾನೆಷ್ಟು ಮಿರ್ಚಿ ತಿಂದೆನೆಂಬುದು ಇನ್ನು ಅಮೆರಿಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಮಾತ್ರ ಪೈಸೆ ಪೈಸೆಗೂ ಲೆಕ್ಕ.

ನಕ್ಷೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. ಅದನ್ನು ಜನರೇ ತಿದ್ದಿ ಬೆಳೆಸುತ್ತಾರೆ. ಅದರಲ್ಲಿ ನಮ್ಮ ಓಣಿಯೇ ಇರಲಿಲ್ಲ. ಹುಡುಗ ಕೂತು ಓಣಿ ಎಳೆದು, ಮೂಲೆಯ ಗಿರಣಿಯನ್ನೂ ಸೇರಿಸಿದ. ಸುದ್ದಿ ಹಬ್ಬಿ ಗಿರಣಿಯವರು ಸಂಜೆಗೇ ಬಂದರು. "ಭಾಳ ಚಲೋ ಮಾಡೀರಿ. ಆದ್ರ ಎದುರಿನ ಗಿರಣಿ ಹಾಕಬ್ಯಾಡ್ರಿ."

ಹುಡುಗನಿಗೆ ಇದೂ ಸಾಲದು. "ಪೈನ್‌ಫೋನ್ ತರಸೋಣ್ರಿ ಮಾಮಾ, ಆಂಡ್ರಾಯ್ಡ್ ಅಲ್ಲ, ಕಂಪ್ಯೂಟರಿನ್ಯಾಗಿರೋ ಖರೇ ಲಿನಕ್ಸು. ಹಿಂದಿನ ಮುಚ್ಚಳ ತೆಗೆದ್ರ ಸಣ್ಣ ಸಣ್ಣ ಸ್ವಿಚ್ ಅದಾವು. ಮೈಕು, ಕ್ಯಾಮೆರಾ, ವೈಫೈ ಯಾವ್ದು ಬ್ಯಾಡೋ ಅದನ್ನ ಬಂದ್ ಮಾಡಬಹುದು."

ಹೊಸ ಮಿಕ್ಸರಿಗೇ ಆರು ತಿಂಗಳು ವಿಚಾರ ಮಾಡಿದ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಅದರಾಗರ ಯುಪಿಐ ನಡೀತದೇನೋ?"

"ಇಲ್ರಿ ಅತ್ತಿ."

"ಹಂಗಾದ್ರ ಲಗೂ ತರಸು."