ಹಾರ್ನ್ ವೈರಿಗೆ ಜೋತುಬಿದ್ದ ಫಾಗ್ ಲೈಟು

ಬೈಕಿನ ವಿಷಯದಲ್ಲಿ ಮೈಸೂರಿನವರಿಗೆ ಯಾರೂ ಬುದ್ಧಿ ಹೇಳುವ ಹಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು ನಿಜ. ಆದರೆ ಅದರ ಶಾಖೆಗಳು ಬೀದಿ ಬೀದಿಯಲ್ಲಿ ಇನ್ನೂ ನಡೆಯುತ್ತಿವೆ. ನಮ್ಮ ಬೀದಿಯ ಶಾಖೆ ನನ್ನ ಸೋದರಮಾವ.

ಊಟಿಗೆ ಹೋಗಬೇಕು, ಒಂದು ಜೊತೆ ಫಾಗ್ ಲೈಟ್ ಹಾಕಿಸ್ತೀನಿ ಅಂದೆ.

"ನನ್ನ ಜಾವಾದಲ್ಲಿ ಇದ್ದದ್ದು 6 ವೋಲ್ಟ್ ಕಣೋ. ಅದರಲ್ಲೇ ಊಟಿ ನೋಡ್ಕೊಂಡು ಬಂದಿದೀನಿ," ಅಂದರು.

ಆ ಬೆಳಕಲ್ಲಿ ಊಟಿ ಕಾಣಿಸ್ತಾ ಅಂತ ನಾನು ಕೇಳಲಿಲ್ಲ.

ಎಲೆಕ್ಟ್ರಿಷಿಯನ್ ಮಂಡ್ಯ ಕಡೆಯವನು. ಬ್ಯಾಟರಿಯಿಂದ ಬೇರೆ ವೈರ್ ಎಳೆಯಪ್ಪಾ ಅಂದರೆ, "ಅಷ್ಟು ದೂರ ಯಾಕೆ ಸಾ? ಹಾರ್ನ್ ವೈರಿಂದ್ಲೇ ತಗೊಂಬುಡವಾ. ಏನೂ ಆಗಕಿಲ್ಲ ಬುಡಿ," ಅಂದ. ವೈರನ್ನು ಹಲ್ಲಲ್ಲೇ ಸುಲಿದು ತಿರುಚಿದ. ಟೇಪು ಮಾತ್ರ ಧಾರಾಳವಾಗಿ ಸುತ್ತಿದ.

ಲೆಕ್ಕ ಏನೂ ಕಷ್ಟದ್ದಲ್ಲ. ಎರಡು ಲೈಟು, ತಲಾ 40 ವ್ಯಾಟ್. 80ನ್ನು 12 ವೋಲ್ಟಿನಿಂದ ಭಾಗಿಸಿದರೆ ಹತ್ತಿರ ಹತ್ತಿರ 7 ಆಂಪಿಯರ್. ಹಾರ್ನಿನದು ಅದರ ಮೇಲೆ. ನನ್ನ ಬೈಕಿನಲ್ಲಿ ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಮೂರಕ್ಕೂ ಇರೋದು 10 ಆಂಪಿಯರಿನ ಒಂದೇ ಫ್ಯೂಸು.

ಲೈಟ್ ನೋಡೋಣ ಅಂತ ಸಂಜೆ ಮಾವನನ್ನು ಕೂರಿಸಿಕೊಂಡು ನಂಜನಗೂಡು ರಸ್ತೆಗೆ ಹೊರಟೆ. ಕಡಕೊಳದ ಹತ್ತಿರ ಎಮ್ಮೆ ಅಡ್ಡ ಬಂತು. ಹಾರ್ನ್ ಒತ್ತಿದೆ. "ಪೀ" ಅನ್ನೋದರೊಳಗೆ ಎಲ್ಲ ಬಂದ್. ಹೆಡ್‌ಲೈಟಿನ ಫ್ಯೂಸು ಬೇರೆ ಇತ್ತು, ಬಚಾವು. ಎಮ್ಮೆ ಮಾತ್ರ ತನ್ನ ಪಾಡಿಗೆ ತಾನು ದಾಟಿತು.

ವಾಪಸ್ ಬರುವಾಗ ಮಾವನೇ ಕೈ ಚಾಚಿ ಇಂಡಿಕೇಟರ್ ಆದರು. ನಾನು ಬ್ರೇಕ್ ಹಿಡಿದಾಗಲೆಲ್ಲ ಹಿಂದೆ ತಿರುಗಿ, "ನಿಲ್ಸ್ತಾ ಇದ್ದಾನೆ, ನಿಧಾನ!" ಅಂತ ಕೂಗಿದರು. ಅಷ್ಟು ಚೆನ್ನಾಗಿ ಕೆಲಸ ಮಾಡೋ ಬ್ರೇಕ್ ಲೈಟು ಯಾವ ಕಂಪನಿಯೂ ಕೊಡಲ್ಲ, ಬಿಡಿ.

ಬೇರೆ ಎಲೆಕ್ಟ್ರಿಷಿಯನ್ ಬಂದು ರಿಲೇ ಹಾಕಿದ. ಈಗ ಸ್ವಿಚ್ಚಿನ ಸಣ್ಣ ವೈರು ರಿಲೇಗೆ ಸನ್ನೆ ಮಾಡುತ್ತದೆ, ಅಷ್ಟೇ. ದೊಡ್ಡ ಕರೆಂಟು ಬ್ಯಾಟರಿಯಿಂದ ನೇರವಾಗಿ ಲೈಟಿಗೆ. ಬ್ಯಾಟರಿಯ ಪಕ್ಕದಲ್ಲೇ ಅದಕ್ಕೊಂದು ಫ್ಯೂಸು. ವೈರ್ ಎಲ್ಲಾದರೂ ಉಜ್ಜಿ ಫ್ರೇಮಿಗೆ ತಾಗಿದರೆ ಫ್ಯೂಸು ಹೋಗುತ್ತದೆ, ಬೈಕು ಉಳಿಯುತ್ತದೆ.

ಲೈಟ್ ಹಾಕಿದರೆ ಎದುರುಮನೆ ಕಾಂಪೌಂಡು ಹಗಲಾಯಿತು. ಮಾವ ಸುತ್ತ ಬಂದು ನೋಡಿದರು.

"ಚೆನ್ನಾಗಿದೆ. ಊಟಿ ದಾರೀಲಿ ಬಂಡೀಪುರ ಕಾಡಿನ ಗೇಟು ಎಷ್ಟು ಹೊತ್ತಿಗೆ ಹಾಕ್ತಾರೆ?"

"ರಾತ್ರಿ 9ಕ್ಕೆ ಮಾವ. ತೆಗೆಯೋದು ಬೆಳಗ್ಗೆ 6ಕ್ಕೆ."

"ಹಾಗಾದ್ರೆ ಇದನ್ನ ಹಗಲು ಹೊತ್ತು ಯಾರಿಗೆ ತೋರಿಸ್ತೀಯೋ? ಆನೆಗಾ?"