ಗೋಂದು ಮಹಾತ್ಮೆ

ದೀಪದಲ್ಲಿ ಎಣ್ಣೆ ತೀರಿತೆಂದು ದೀಪದ ಕಂಬವನ್ನೇ ತಿಪ್ಪೆಗೆ ಎಸೆದವರ ಕಥೆ ಯಾವ ಪುರಾಣದಲ್ಲೂ ಇಲ್ಲ. ಆ ಕೊರತೆಯನ್ನು ನಾವು ತುಂಬುತ್ತಿದ್ದೇವೆ, ಎರಡು ಮೂರು ವರ್ಷಕ್ಕೊಮ್ಮೆ, ದೀಪಾವಳಿ ಆಫರ್ ನೋಡಿಕೊಂಡು, ಕಂತಿನಲ್ಲಿ. ಫೋನಿನ ಡಿಸ್‌ಪ್ಲೇ ಸರಿಯಾಗಿದೆ, ಕ್ಯಾಮೆರಾ ಸರಿಯಾಗಿದೆ, ಬೋರ್ಡು ಕಲ್ಲುಗುಂಡಿನ ಹಾಗಿದೆ. ಮಧ್ಯಾಹ್ನ ಎರಡಕ್ಕೆ ಚಾರ್ಜು ಖಾಲಿಯಾಗುತ್ತದೆ, ಅಷ್ಟೇ. ಅಷ್ಟಕ್ಕೇ ಮನೆಮಂದಿಯೆಲ್ಲ ಸುತ್ತ ಕೂತು 'ಇದರ ಕಾಲ ಮುಗೀತು ಬಿಡಿ' ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ಮುಗಿದದ್ದು ಬ್ಯಾಟರಿಯ ಕಾಲ. ಲಿಥಿಯಂ ಅಯಾನ್ ಬ್ಯಾಟರಿ ಸಾಮಾನ್ಯವಾಗಿ 500ರಿಂದ 1000 ಸೈಕಲ್ಲಿನೊಳಗೆ ತನ್ನ ಶಕ್ತಿಯ ಐದನೇ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಸೈಕಲ್ ಎಂದರೆ ಒಂದು ಪೂರ್ತಿ ಚಾರ್ಜಿನ ಲೆಕ್ಕ; ಇವತ್ತು ಅರ್ಧ, ನಾಳೆ ಅರ್ಧ ಚಾರ್ಜ್ ಮಾಡಿದರೆ ಎರಡೂ ಸೇರಿ ಒಂದು ಸೈಕಲ್. ದಿನಕ್ಕೊಂದು ಸೈಕಲ್ ಎಂದು ಲೆಕ್ಕ ಹಾಕಿದರೆ, ಫೋನು ಎಷ್ಟೇ ದುಬಾರಿಯಾಗಿದ್ದರೂ ಬ್ಯಾಟರಿಯ ಆಯಸ್ಸು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಹೇಳಲು ಜ್ಯೋತಿಷಿ ಬೇಕಿಲ್ಲ. ಸವೆಯುವ ಸಾಮಾನು ಅದು, ಚಪ್ಪಲಿಯ ಉಂಗುಷ್ಠದ ಹಾಗೆ.

ಉಂಗುಷ್ಠ ಕಿತ್ತರೆ ಹೊಲಿಸಬಹುದಿತ್ತು. 2003ರ ನೋಕಿಯಾ 1100ರ ಬೆನ್ನನ್ನು ಹೆಬ್ಬೆರಳಲ್ಲಿ ಒತ್ತಿ ಜಾರಿಸಿದರೆ ಬಿಎಲ್-5ಸಿ ಬ್ಯಾಟರಿ ಕೈಗೆ ಬರುತ್ತಿತ್ತು, ಹೊಸದು ಊರಿನ ಸಣ್ಣ ಅಂಗಡಿಯಲ್ಲೂ ಸಿಗುತ್ತಿತ್ತು. ಇಂಥ ಅನಾಗರಿಕತೆಯಿಂದ ನಮ್ಮನ್ನು ಉದ್ಧರಿಸಲು ಬಂದದ್ದೇ ಗೋಂದು. ಯಾಕ್ರೀ ಅಂಟಿಸಿದಿರಿ ಎಂದರೆ, ನೀರು ಹೋಗಬಾರದಲ್ಲ ಸ್ವಾಮಿ, ಎಂಬ ಉತ್ತರ ಸಿದ್ಧವಿದೆ. 2014ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5 ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಏನೂ ಆಗದ ಐಪಿ67 ಫೋನು. ಅದರ ಹಿಂಬದಿ ಮುಚ್ಚಳವನ್ನು ಉಗುರಿನಲ್ಲಿ ಎಬ್ಬಿ ಬ್ಯಾಟರಿ ತೆಗೆಯಬಹುದಿತ್ತು. ಮುಚ್ಚಳದ ಒಳಗೊಂದು ರಬ್ಬರ್ ಅಂಚು, ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ. ಕುಕ್ಕರನ್ನು ಗೋಂದು ಹಾಕಿ ಮುಚ್ಚಬೇಕೆಂದು ಈ ತನಕ ಯಾವ ಕಂಪನಿಗೂ ಹೊಳೆದಿಲ್ಲ. ಹೊಳೆಯದಿರಲಿ.

ಈ ಗೋಂದನ್ನು ಬಿಡಿಸುವುದು ಹಲಸಿನಕಾಯಿ ಬಿಡಿಸಿದಷ್ಟೇ ನಾಜೂಕಿನ ಕೆಲಸ. ಫೋನಿನ ಬೆನ್ನನ್ನು ಹೀಟ್ ಪ್ಯಾಡಿನ ಮೇಲಿಟ್ಟು 70-80 ಡಿಗ್ರಿಗೆ ಕಾಯಿಸಬೇಕು. ಹೀಟ್ ಗನ್ ಹಿಡಿದು ಒಂದೇ ಕಡೆ ಊದಿದರೆ ಡಿಸ್‌ಪ್ಲೇ ಕಲೆ ಬೀಳುತ್ತದೆ. ಅಂಚಿನಲ್ಲಿ ತೆಳು ಪ್ಲಾಸ್ಟಿಕ್ ಕಾರ್ಡು ತೂರಿಸಿ ಸುತ್ತಲೂ ನಿಧಾನವಾಗಿ ಎಳೆಯಬೇಕು. ಬೆರಳಚ್ಚಿನ ಸೆನ್ಸರಿನ ಸಣ್ಣ ಪಟ್ಟಿ ಹಿಂಬದಿಗೆ ಅಂಟಿಕೊಂಡಿದ್ದರೆ, ಅವಸರದಲ್ಲಿ ಎಳೆದವನಿಗೆ ಬ್ಯಾಟರಿ ಜೊತೆ ಅದರ ಬಿಲ್ಲೂ ಬೀಳುತ್ತದೆ. ಕೆಳಗೆ ಇನ್ನೊಂದು ಸುತ್ತು ಗೋಂದು, ಈ ಸಲ ಬ್ಯಾಟರಿಗೆ. ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ ಹೇಗೋ ಇದಕ್ಕೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್, ಅಂಗಡಿಯವರ ಬಾಯಲ್ಲಿ ಐಪಿಎ. ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿ, ಅಂಚಿಗೆ ನಾಲ್ಕು ಹನಿ ಬಿಟ್ಟು, ಎರಡು ಮೂರು ನಿಮಿಷ ಕಾದು, ಅಡಿಯಿಂದ ಗಟ್ಟಿ ದಾರ ಎಳೆದರೆ ಮೇಲೇಳುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿದರೆ ಒಳಪದರ ತೂತಾಗಿ ಹೊಗೆ, ಆಮೇಲೆ ಬೆಂಕಿ. ಆದ್ದರಿಂದಲೇ ಅಂಗಡಿಗೆ ಹೋಗುವಾಗ ಚಾರ್ಜ್ 25 ಶೇಕಡಾಕ್ಕಿಂತ ಕೆಳಗಿರಲಿ, ತುಂಬಿದ ಬ್ಯಾಟರಿಯ ಬೆಂಕಿ ಜೋರು. ಈಗಾಗಲೇ ಊದಿಕೊಂಡು ಹಿಂಬದಿ ಎದ್ದಿದ್ದರೆ ಅದನ್ನು ಒತ್ತಿ ಕೂರಿಸುವ ಸಾಹಸ ಬೇಡ, ಚಾರ್ಜಿಗೂ ಹಾಕಬೇಡಿ.

ಅಂಗಡಿಯಲ್ಲಿ 'ಒರಿಜಿನಲ್ಲಾ?' ಎಂದು ಕೇಳಿದರೆ 'ಹಂಡ್ರೆಡ್ ಪರ್ಸೆಂಟ್ ಒರಿಜಿನಲ್ ಸಾರ್' ಎಂದೇ ಬರುವುದು. ಕೇಳಬೇಕಾದದ್ದು ತಯಾರಿಕೆಯ ತಾರೀಕು. ಮೂರು ವರ್ಷ ಗೋದಾಮಿನಲ್ಲಿ ಮಲಗಿದ್ದ ಬ್ಯಾಟರಿ, ಬಳಸದೆಯೇ ಮುದಿಯಾಗಿರುತ್ತದೆ. ಹಳೆಯದರ ಮೇಲೆ ಸಾಮರ್ಥ್ಯ 4000 ಎಂಎಎಚ್ ಎಂದಿದ್ದು, ಅದೇ ಅಳತೆಯ ಹೊಸದರ ಮೇಲೆ 6000 ಎಂದು ಅಚ್ಚಾಗಿದ್ದರೆ, ಆ ಎರಡು ಸಾವಿರ ಮುದ್ರಣಾಲಯದ ಕೊಡುಗೆ. ಮುಚ್ಚುವಾಗ ಹೊಸ ಅಂಟುಪಟ್ಟಿ ಹಾಕಿಸಿಕೊಳ್ಳಿ. ಹಾಕಿಸಿಕೊಂಡರೂ ನೀರಿನಿಂದ ದೂರವಿಡಿ.

ಹಳೆಯ ಬ್ಯಾಟರಿ ಚಾರ್ಜನ್ನು ಹಿಡಿದಿಟ್ಟುಕೊಳ್ಳುವುದಿಲ್ಲ ಎಂಬುದು ಅರ್ಧ ಮಾತ್ರ ಸತ್ಯ. ಅದರ ಒಳತಡೆ, ಅಂದರೆ ವಿದ್ಯುತ್ ಹರಿಯಲು ಒಳಗೇ ಇರುವ ಅಡ್ಡಿ, ಹೆಚ್ಚುತ್ತದೆ. ಪಂಪ್‌ಸೆಟ್ ಹೊತ್ತಿಸಿದ ಕ್ಷಣ ಮನೆಯ ಬಲ್ಬು ಮಂಕಾಗುವುದಿಲ್ಲವೇ, ಹಾಗೆ ಕ್ಯಾಮೆರಾ ತೆರೆದ ಕ್ಷಣ ವೋಲ್ಟೇಜು ಕುಸಿದು, 30 ಶೇಕಡಾ ತೋರಿಸುತ್ತಿದ್ದ ಫೋನು ಪ್ರಾಣ ಬಿಡುತ್ತದೆ. ಆಪಲ್ ಇದಕ್ಕೊಂದು ಮದ್ದು ಹುಡುಕಿತು: 2017ರ ಜನವರಿಯಲ್ಲಿ ಬಂದ ಐಫೋನಿನ ಸಾಫ್ಟ್‌ವೇರ್ ಐಒಎಸ್ 10.2.1ರಲ್ಲಿ, ಬ್ಯಾಟರಿ ಮುದಿಯಾದ ಫೋನನ್ನು ನಿಧಾನ ಮಾಡಿತು. ಮದ್ದು ಸರಿಯೇ. ರೋಗಿಗೆ ಹೇಳದೆ ಮದ್ದು ಹಾಕಿದ್ದು ಮಾತ್ರ ತಪ್ಪಾಯಿತು. ಫೋನು ತೆವಳುತ್ತಿದೆಯಲ್ಲ ಎಂದು ಜನ ಹೊಸದು ಕೊಂಡರು. ಬಾಯಿ ಬಿಟ್ಟದ್ದು ಅದೇ ವರ್ಷದ ಡಿಸೆಂಬರಿನಲ್ಲಿ, ಹೊರಗಿನವರು ವೇಗ ಅಳೆದು ತೋರಿಸಿದ ಮೇಲೆ. 79 ಡಾಲರಿನ ಬ್ಯಾಟರಿ ಬದಲಾವಣೆ 29 ಡಾಲರಿಗೆ ಇಳಿಯಿತು, 2020ರಲ್ಲಿ ಫ್ರಾನ್ಸ್ 25 ದಶಲಕ್ಷ ಯೂರೋ ದಂಡ ಹಾಕಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆಪಲ್ಲಿಗೆ ಪರಿಸರದ ಮೇಲೆ ಅತೀವ ಪ್ರೀತಿ ಹುಟ್ಟಿ, ಐಫೋನ್ 12ರ ಡಬ್ಬಿಯಿಂದ ಚಾರ್ಜರ್ ಮಾಯವಾಯಿತು. ಭೂಮಿತಾಯಿಯನ್ನು ಉಳಿಸಲು ನಾವು ಚಾರ್ಜರನ್ನು ಬೇರೆ ಡಬ್ಬಿಯಲ್ಲಿ, ಬೇರೆ ದುಡ್ಡು ಕೊಟ್ಟು ತರಿಸಿಕೊಂಡೆವು.

ಗೋಂದನ್ನು ಗೆದ್ದವನಿಗೆ ಮುಂದೆ ಜಾತಕದ ಪರೀಕ್ಷೆ. ಈಗ ಬಿಡಿಭಾಗಗಳಿಗೂ ಕುಲ ಗೋತ್ರ ಉಂಟು. ಬೋರ್ಡಿನಲ್ಲಿ ಬರೆದಿರುವ ಸಂಖ್ಯೆಗೆ ಹೊಂದದ ಭಾಗ ಮನೆಯೊಳಗೆ ಬಂದರೆ ಫೋನು ಮೈಲಿಗೆಯಾಗುತ್ತದೆ. 2021ರ ಐಫೋನ್ 13ಕ್ಕೆ ಹೊರಗಡೆ ಡಿಸ್‌ಪ್ಲೇ ಹಾಕಿಸಿದರೆ ಮುಖ ನೋಡಿ ಲಾಕ್ ತೆಗೆಯುವ ಫೇಸ್ ಐಡಿ ಕೈಕೊಡುತ್ತಿತ್ತು. ರಿಪೇರಿಯವರು ಮೈಕ್ರೋಸ್ಕೋಪಿನ ಕೆಳಗೆ ಕೂತು ಹಳೆಯ ಡಿಸ್‌ಪ್ಲೇಯ ಪುಟಾಣಿ ಚಿಪ್ಪನ್ನು ಕಿತ್ತು ಹೊಸದಕ್ಕೆ ಬೆಸೆಯಬೇಕಿತ್ತು. ಗಲಾಟೆಯಾದ ಮೇಲೆ ಸಾಫ್ಟ್‌ವೇರಿನಲ್ಲೇ ಸರಿಮಾಡಿದರು, ಅಂದರೆ ಮೊದಲಿಂದಲೂ ಸರಿಮಾಡಬಹುದಿತ್ತು. ಐಫೋನ್ 11ರಿಂದೀಚೆಗೆ ಗೋತ್ರ ಗೊತ್ತಿಲ್ಲದ ಡಿಸ್‌ಪ್ಲೇ ಹಾಕಿಸಿದರೆ ಲಾಕ್ ಸ್ಕ್ರೀನಿನಲ್ಲಿ 4 ದಿನ, ಸೆಟ್ಟಿಂಗ್ಸಿನಲ್ಲಿ 15 ದಿನ ಎಚ್ಚರಿಕೆ ಬರುತ್ತದೆ. ನಮ್ಮಲ್ಲಿ ಸತ್ತ ಸೂತಕವೂ ಇಷ್ಟು ದಿನ ಇರುವುದಿಲ್ಲ.

ಯುರೋಪಿನವರು ಈಗ ಕೊಂಚ ಬಿಗಿಯಾಗಿದ್ದಾರೆ. 2025ರ ಜೂನ್ 20ರಿಂದ ಅಲ್ಲಿ ಮಾರುವ ಹೊಸ ಮಾದರಿಗಳ ಬ್ಯಾಟರಿ 800 ಸೈಕಲ್ ಆದರೂ 80 ಶೇಕಡಾ ಉಳಿಸಿಕೊಂಡಿರಬೇಕು, ಮಾರಾಟ ನಿಂತ ಮೇಲೂ ಮುಖ್ಯ ಬಿಡಿಭಾಗ 7 ವರ್ಷ ಸಿಗಬೇಕು. ಆದರೆ ಅಲ್ಲೂ ಒಂದು ಸಂದಿ ಬಿಟ್ಟಿದ್ದಾರೆ: 1000 ಸೈಕಲ್ ತಾಳಿ, ನೀರನ್ನೂ ತಡೆದರೆ ಬ್ಯಾಟರಿಯನ್ನು ಸುಲಭವಾಗಿ ತೆಗೆಯುವಂತೆ ಮಾಡಬೇಕಿಲ್ಲ. ಗೋಂದು ಎಲ್ಲಿಯಾದರೂ ಬದುಕಿಕೊಳ್ಳುತ್ತದೆ.

ದೆಹಲಿಯಲ್ಲೂ ಚಲನೆಯಿದೆ. 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಬಂತು, 2024ರಲ್ಲಿ ಸಮಿತಿ ಬಂತು, 2025ರ ಮೇ ತಿಂಗಳಲ್ಲಿ ಸಮಿತಿಯ ವರದಿ ಬಂತು. ಫೋನನ್ನು ಎಷ್ಟು ಸಲೀಸಾಗಿ ರಿಪೇರಿ ಮಾಡಬಹುದು ಎಂಬುದಕ್ಕೆ ಅಂಕ ಕೊಡಬೇಕಂತೆ. ಅಂಕ ಕೊಡುವವರು ಯಾರು? ಫೋನು ಮಾಡಿದ ಕಂಪನಿಯವರೇ, ತಮ್ಮ ಫೋನಿಗೆ ತಾವೇ. ಪರೀಕ್ಷೆ ಬರೆದ ಹುಡುಗನೇ ಪೇಪರ್ ತಿದ್ದುವ ಈ ಪದ್ಧತಿಯಲ್ಲಿ ಫೇಲಾಗುವವರು ಕಡಿಮೆ.

ಆ ಅಂಕಪಟ್ಟಿ ಕೈಗೆ ಬರುವವರೆಗೆ ಫೋನನ್ನು ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಬೇಡಿ, ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲಿಡಬೇಡಿ. ಬ್ಯಾಟರಿಯನ್ನು ಶಾಖ ಕೊಂದಷ್ಟು ಬೇರೆ ಯಾವುದೂ ಕೊಲ್ಲುವುದಿಲ್ಲ. ಸೆಟ್ಟಿಂಗ್ಸಿನಲ್ಲಿ 80 ಶೇಕಡಾಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆಯಿದ್ದರೆ ಹಾಕಿಕೊಳ್ಳಿ. ಚಾರ್ಜಿಂಗ್ ಪಿನ್ ಸಡಿಲ ಎಂದಾಗ 'ಸಿಸಿ ಬೋರ್ಡ್ (ಚಾರ್ಜಿಂಗ್ ಪಿನ್ ಕೂರುವ ಸಣ್ಣ ಬೋರ್ಡು) ಹೋಗಿದೆ' ಎಂಬ ಮಾತನ್ನು ನಂಬುವ ಮುನ್ನ ಫೋನ್ ಆಫ್ ಮಾಡಿ, ತೂತಿನೊಳಗೆ ಮರದ ಹಲ್ಲುಕಡ್ಡಿ ಹಾಕಿ ಮೆಲ್ಲಗೆ ಕೆದಕಿ. ಎರಡು ವರ್ಷದ ಪ್ಯಾಂಟ್ ಜೇಬಿನ ಹತ್ತಿ ಅಲ್ಲಿ ದೀಪದ ಬತ್ತಿಯಷ್ಟು ಸಿಗುತ್ತದೆ.